ಮೂರಡಿ ಗೂಡು, ಐದು ಜನ, ಮೂರು ಹಿಟ್ಟು: ದಿನಸಿ ಹೇಗೆ ಜೋಡಿಸಲಿ?

ಎರಡನೇ ಮಹಡಿ · ಭಾನುವಾರ ರಾತ್ರಿ 9:40

ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆ ನಮ್ಮದು. ಅಡುಗೆಮನೆ ಮೂಲೇಲಿ ಗೋಡೆಯೊಳಗೇ ಒಂದು ಗೂಡು ಬಿಟ್ಟಿದ್ದಾರೆ. ಮೂರಡಿ ಅಗಲ, ಒಂದೂವರೆ ಅಡಿ ಆಳ, ಮೇಲಿಂದ ಕೆಳಗೆ ಐದು ಕಡಪ ಕಲ್ಲು. ಬಾಗಿಲಿಲ್ಲ, ಹಳೇ ಸೀರೆಯ ಪರದೆ. ಉಗ್ರಾಣ ಅಂದರೂ ಅದೇ, ಸ್ಟೋರ್ ರೂಮ್ ಅಂದರೂ ಅದೇ.

ತಿನ್ನೋರು ಐದು ಜನ. ನಾನು ತುಮಕೂರು ಕಡೆಯವಳು, ಮುದ್ದೆ ಬೇಕು. ನಮ್ಮನೆಯವರದು ಹಾವೇರಿ, ರೊಟ್ಟಿ ಬೇಕು. ಮಕ್ಕಳಿಬ್ಬರಿಗೂ ಇವೆರಡೂ ಆಗದು, ಚಪಾತಿ. ಹಾಗಾಗಿ ಅಕ್ಕಿಯ ಜೊತೆಗೆ ಮೂರು ಹಿಟ್ಟು ಸದಾ ಇರಲೇಬೇಕು. ಹೋದ ವರ್ಷದಿಂದ ಅತ್ತೆಯವರೂ ನಮ್ಮ ಜೊತೆಗಿದ್ದಾರೆ. ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಸೀರೆ ತಂದಿದ್ದಕ್ಕಿಂತ ಚೀಲದಲ್ಲಿ ಕಾಳು ತಂದಿದ್ದೇ ಹೆಚ್ಚು.

ಇವತ್ತು ಚಿರೋಟಿ ರವೆ ಹುಡುಕಲು ಹೋಗಿ ಇಡೀ ಗೂಡನ್ನೇ ನೆಲಕ್ಕೆ ಇಳಿಸಿದೆ. ಸಿಕ್ಕಿದ್ದು: ಬಾಯಿ ಕತ್ತರಿಸಿದ ಸಾಸಿವೆ ಪೊಟ್ಟಣ ನಾಲ್ಕು, ಜೀರಿಗೆ ಮೂರು, ಯಾರು ಕೊಂಡರೆಂದು ಯಾರಿಗೂ ನೆನಪಿಲ್ಲದ ಓಟ್ಸ್, ಬಲೆ ಕಟ್ಟಿದ ಬನ್ಸಿ ರವೆ, ತೂತು ಬಿದ್ದ ಹೆಸರುಕಾಳು ಎರಡು ಕಿಲೊ. ಕೆಳಗಿನ ಕಲ್ಲಿನ ಬಲಮೂಲೆಯಲ್ಲಿದ್ದ ಶೇಂಗಾಕ್ಕೆ ಬೂಷ್ಟು. ಚಿರೋಟಿ ರವೆ ಮಾತ್ರ ಸಿಗಲಿಲ್ಲ.

ಆನ್‌ಲೈನ್‌ನಲ್ಲಿ ಒಂದೇ ಅಳತೆಯ 24 ಡಬ್ಬದ ಸೆಟ್ ನೋಡಿಟ್ಟಿದ್ದೇನೆ, 5,800 ರೂಪಾಯಿ. ತಗೊಳ್ಳಲಾ? ಹುಳ ಮತ್ತೆ ಬರದ ಹಾಗೆ ಏನು ಮಾಡಬೇಕು? ಇನ್ನೊಂದು ಮಾತು. ಏನೇ ಮಾಡಿದರೂ ಅತ್ತೆಯವರ ಮನಸ್ಸು ನೋಯಬಾರದು. ಅರ್ಧಕ್ಕರ್ಧ ಅಡುಗೆ ಅವರದೇ.


ಬ್ಯಾಚುಲರ್ ಬಾಣಲೆ · ಭಾನುವಾರ ರಾತ್ರಿ 10:05

ಸೆಟ್ ಬೇಡ ಅಕ್ಕ. ನಾನು ತಗೊಂಡು ಕೆಟ್ಟೆ. 1 ಲೀಟರ್ ಡಬ್ಬ ಅಂದರೆ 1 ಕಿಲೊ ಸಾಮಾನು ಹಿಡಿಯುತ್ತೆ ಅಂದುಕೊಂಡಿದ್ದೆ. ನೀರಾದರೆ ಸರಿ. 1 ಕಿಲೊ ಅಕ್ಕಿಗೆ ಹೆಚ್ಚುಕಡಿಮೆ 1.2 ಲೀಟರ್ ಜಾಗ ಬೇಕು, ಗೋಧಿ ಹಿಟ್ಟಿಗೆ ಎರಡು ಲೀಟರ್ ಹತ್ತಿರ. ಅವಲಕ್ಕಿ, ಮಂಡಕ್ಕಿ ಸುದ್ದಿ ಕೇಳಲೇಬೇಡಿ. ಎಲ್ಲದರಲ್ಲೂ ಎರಡು ಹಿಡಿ ಪೊಟ್ಟಣದಲ್ಲೇ ಉಳೀತು. ಈಗ ನಮ್ಮ ಮನೇಲಿ ಮುಂದೆ ಡಬ್ಬ, ಅದರ ಹಿಂದೆ ಅದರದ್ದೇ ಬಾಲ. ಮೊದಲಿಗಿಂತ ಎರಡು ಪಟ್ಟು ಜಾಗ ಹೋಯ್ತು. ಫೋಟೊದಲ್ಲಿ ಚೆನ್ನಾಗಿ ಬರುತ್ತೆ, ಅದೊಂದು ನಿಜ.


ಧಾರವಾಡ ಮಳಿ · ಭಾನುವಾರ ರಾತ್ರಿ 10:31

ಡಬ್ಬಿ ಮಾತು ಆಮ್ಯಾಲೆ. ಮೊದ್ಲ ಆ ಶೇಂಗಾ ಚೆಲ್ಲಿಬಿಡ್ರಿ. ಬೂಸ್ಟ್ ತಿಕ್ಕಿ ತೆಗದು, ಹುರದು ಚಟ್ನಿಪುಡಿ ಮಾಡೋದು ನಮ್ಮ ಕಡೆ ರೂಢಿ ಐತಿ, ನಮ್ಮವ್ವನೂ ಮಾಡ್ತಿದ್ಲು. ಆದ್ರ ಶೇಂಗಾದ ಬೂಸ್ಟಿನಾಗ ಅಫ್ಲಟಾಕ್ಸಿನ್ ಅನ್ನೋ ವಿಷ ಇರತೈತಿ, ಲಿವರಿಗೆ ಕೆಟ್ಟದ್ದು. ಹುರದ್ರೂ ಪೂರಾ ಹೋಗಂಗಿಲ್ಲ. ಬರೇ ಬೂಸ್ಟ್ ಕಂಡ ಕಾಳು ಆರಿಸಿ ಒಗದ್ರೂ ಸಾಲಂಗಿಲ್ಲ, ಇಡೀ ಗಂಟೇ ಹೋಗ್ಲಿ.

ಇನ್ನ ಹಿಟ್ಟು. ಜ್ವಾಳದ ಹಿಟ್ಟು ಹಳೇದಾತಂದ್ರ ಜಿಗಿ ಹೋಗತೈತಿ, ಬಡಿಯೂಮುಂದ ರೊಟ್ಟಿ ಹರೀತಾವ. ಆಮ್ಯಾಲೆ ಸೊಸಿಗೆ ರೊಟ್ಟಿ ಬರಂಗಿಲ್ಲ ಅಂತಾರ, ಹಿಟ್ಟಿಗೆ ಯಾರೂ ಅನ್ನಂಗಿಲ್ಲ! ಸಜ್ಜಿ ಹಿಟ್ಟು ಇನ್ನೂ ಲಗೂ ಕೆಡತೈತಿ, ಅದರಾಗ ಎಣ್ಣಿ ಅಂಶ ಜಾಸ್ತಿ, ಕಹಿ ಆಗತೈತಿ. ಅದಕ್ಕ ಮನ್ಯಾಗ ಕಾಳು ಇಟ್ಕೊಳ್ರಿ, ಹತ್ತು ಹದಿನೈದು ದಿನಕ್ಕ ಎಷ್ಟು ಬೇಕೋ ಅಷ್ಟ ಬೀಸಿಸ್ಕೊಂಡು ಬರ್ರಿ. ಐದೈದು ಕಿಲೋದ ಮೂರು ಡಬ್ಬಿ ಇಡೋ ಜಾಗಾದಾಗ ಎರಡೆರಡು ಕಿಲೋದವು ಮೂರು ಸಾಕು. ಅರ್ಧ ಕಲ್ಲು ಅಲ್ಲೇ ಉಳೀತು ನೋಡ್ರಿ.


ಎರಡನೇ ಮಹಡಿ · ಭಾನುವಾರ ರಾತ್ರಿ 10:48

ಗಿರಣಿ ಪಕ್ಕದ ಬೀದೀಲೇ ಇದೆ, ಅದು ಮಾಡಬಹುದು. ಶೇಂಗಾ ಮಾತ್ರ ಅತ್ತೆ ಆಗಲೇ ಮೊರಕ್ಕೆ ಸುರಿದು, ನಾಳೆ ಬಿಸಿಲಿಗೆ ಇಡ್ತೀನಿ ಅಂತ ಎತ್ತಿಟ್ಟುಕೊಂಡಿದ್ದಾರೆ. ಹೇಗೆ ಹೇಳಲಿ?


ಧಾರವಾಡ ಮಳಿ · ಭಾನುವಾರ ರಾತ್ರಿ 10:52

ಮೊಮ್ಮಕ್ಕಳ ಹೆಸರು ತಗೀರಿ. "ಹುಡುಗ್ರು ತಿಂತಾವ ಅತ್ತಿ, ಬ್ಯಾಡ" ಅಂದ್ರ ಮುಗೀತು.


ನಿವೃತ್ತ ಮೇಷ್ಟ್ರು · ಸೋಮವಾರ ಬೆಳಿಗ್ಗೆ 6:15

ಹುಳದ ವಿಚಾರ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ವಿಜ್ಞಾನ ಪಾಠ ಮಾಡಿದ ಅಭ್ಯಾಸ, ಸಹಿಸಿಕೊಳ್ಳಿ.

ತಾಯಿ, ನಿಮ್ಮ ಗೂಡಿನಲ್ಲಿರುವುದು ಒಂದು ಹುಳವಲ್ಲ, ಎರಡು ಮೂರು ಜಾತಿ. ಅಕ್ಕಿಯಲ್ಲಿ ಬರುವ ಕಪ್ಪು ಮೂತಿಯ ನುಸಿ ಅಕ್ಕಿಕಾಳಿಗೆ ಸಣ್ಣ ತೂತು ಕೊರೆದು, ಒಳಗೆ ಮೊಟ್ಟೆಯಿಟ್ಟು, ಮೇಲೆ ಮುಚ್ಚಿಬಿಡುತ್ತದೆ. ಮರಿ ಕಾಳಿನೊಳಗೇ ತಿಂದು ಬೆಳೆದು ಸುಮಾರು ಒಂದು ತಿಂಗಳಿಗೆ ಹೊರಗೆ ಬರುತ್ತದೆ. ಅದಕ್ಕೇ ನೀವು ಮೊರದಲ್ಲಿ ಕೇರಿ, ಒಂದೂ ಹುಳವಿಲ್ಲ ಎಂದು ಖಾತ್ರಿ ಮಾಡಿಕೊಂಡು ತುಂಬಿದ ಅಕ್ಕಿಯಲ್ಲೂ ಮುಂದಿನ ತಿಂಗಳು ಹುಳ. ಅದು ಹೊರಗಿನಿಂದ ಬಂದದ್ದಲ್ಲ, ಒಳಗೇ ಇದ್ದದ್ದು.

ಹೆಸರುಕಾಳಿನದು ಬೇರೆ. ಅದರ ಮೇಲೆ ಬಿಳೀ ಚುಕ್ಕೆ ಅಂಟಿಕೊಂಡಿದೆಯೇ ನೋಡಿ. ಅದೇ ಮೊಟ್ಟೆ. ಈ ಹುಳ ಹೊಲದಲ್ಲಿ ಕಾಯಿ ಬಲಿಯುವಾಗಲೇ ಶುರುವಾಗಿರುತ್ತದೆ. ಇಡೀ ಕಾಳು ಅದಕ್ಕೆ ಇಷ್ಟ, ಒಡೆದ ಬೇಳೆ ಅಷ್ಟಾಗಿ ಒಗ್ಗದು. ನಮ್ಮ ಹಿರಿಯರು ತೊಗರಿಗೆ ಕೆಮ್ಮಣ್ಣು ಕಟ್ಟಿ, ಒಣಗಿಸಿ, ಬೇಗ ಬೇಳೆ ಮಾಡಿ ಇಡುತ್ತಿದ್ದುದರ ಲಾಭಗಳಲ್ಲಿ ಇದೂ ಒಂದು. ರವೆಯಲ್ಲಿ ಬಲೆ ಕಟ್ಟುವುದು ಪತಂಗದ ಮರಿ. ಅದನ್ನು ಜರಡಿ ಹಿಡಿದು ಉಳಿಸಿಕೊಳ್ಳಲು ಹೋಗಬೇಡಿ.

ಬೇವಿನ ಸೊಪ್ಪು, ಲಕ್ಕಿ ಸೊಪ್ಪು, ಒಣಮೆಣಸಿನಕಾಯಿ, ಬಜೆ ಇವೆಲ್ಲ ಹೊಸ ಹುಳ ಹತ್ತಿರ ಬರದಂತೆ ಸ್ವಲ್ಪ ತಡೆದಾವು. ಕಾಳಿನೊಳಗೆ ಮುಚ್ಚಿಕೊಂಡು ಕೂತ ಮೊಟ್ಟೆಗೆ ಬೇವಿನ ಸುದ್ದಿ ಗೊತ್ತಾಗುವುದಿಲ್ಲ. ಹಸಿ ಸೊಪ್ಪು ಹಾಕಿದರಂತೂ ತೇವ ಇಳಿದು ಬೂಷ್ಟು ಬರುತ್ತದೆ. ನೆರಳಲ್ಲಿ ಗರಿಗರಿ ಒಣಗಿಸಿ ಹಾಕಿ.

ಮೊಟ್ಟೆ ಸಾಯಬೇಕಾದರೆ ಚಳಿ ಅಥವಾ ಬಿಸಿ. ಫ್ರಿಜ್ಜಿನ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ರವೆ, ಹೆಸರುಕಾಳು, ಕಡಲೆಹಿಟ್ಟು ಎಲ್ಲಕ್ಕೂ ಆಯಿತು. ಹೊರತೆಗೆದ ಮೇಲೆ ಪೊಟ್ಟಣ ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೆ ಬಾಯಿ ಬಿಚ್ಚಬೇಡಿ, ಬಿಚ್ಚಿದರೆ ಒಳಗೆ ಬೆವರುತ್ತದೆ. ಕಾಳುಗಳನ್ನು ಬೇಸಿಗೆಯ ಬಿಸಿಲಿಗೆ ತೆಳ್ಳಗೆ ಹರವಬಹುದು, ಆದರೆ ಆರಿದ ಮೇಲೆ ಡಬ್ಬಕ್ಕೆ. ಅಕ್ಕಿಯನ್ನು ಮಾತ್ರ ಬಿಸಿಲಿಗೆ ಹಾಕಬಾರದು. ಕಾಳು ಸೀಳುತ್ತದೆ, ಅನ್ನ ಮುದ್ದೆಯಾಗುತ್ತದೆ. ಅಕ್ಕಿಗೆ ನೆರಳು, ಗಾಳಿ, ಮೊರ.

ಇನ್ನೊಂದು. ನಮ್ಮ ಊರಲ್ಲಿ ರಾಗಿಗೆ ಹಗೇವು ಇತ್ತು. ನೆಲದೊಳಗಿನ ಗುಂಡಿ, ಬಾಯಿಗೆ ಚಪ್ಪಡಿ, ಮೇಲೆ ಮಣ್ಣು. ಬಾಯಿ ತೆಗೆದ ದಿನ ಯಾರನ್ನೂ ಕೂಡಲೇ ಇಳಿಸುತ್ತಿರಲಿಲ್ಲ. ಮೊದಲು ಹಗ್ಗದಲ್ಲಿ ದೀಪ ಇಳಿಬಿಡುವುದು. ದೀಪ ಆರಿದರೆ ಮನುಷ್ಯ ಇಳಿಯುವ ಹಾಗಿಲ್ಲ. ಒಳಗಿನ ಆಮ್ಲಜನಕವನ್ನು ಕಾಳೂ ಹುಳವೂ ಉಸಿರಾಡಿ ಮುಗಿಸಿರುತ್ತವೆ. ಆಮ್ಲಜನಕ ತೀರಿದ ಕಡೆ ಹುಳವೂ ಬದುಕದು, ಅದೇ ಹಗೇವಿನ ಗುಟ್ಟು. ನಿಮ್ಮ ಡಬ್ಬಕ್ಕೂ ಅದೇ ಲೆಕ್ಕ. ಕಂಠಮಟ್ಟ ತುಂಬಿದ, ಬಿಗಿ ಮುಚ್ಚಳದ ಸಣ್ಣ ಡಬ್ಬ ಒಳ್ಳೆಯದು. ದೊಡ್ಡ ಡಬ್ಬದ ತಳದಲ್ಲಿ ಎರಡು ಪಾವು ಬಿದ್ದಿದ್ದರೆ ಹುಳಕ್ಕೆ ಬಂಗಲೆ ಕಟ್ಟಿಕೊಟ್ಟಂತೆ.


(ಈ ಪ್ರತಿಕ್ರಿಯೆಯನ್ನು ತೆಗೆಯಲಾಗಿದೆ)


ನಿರ್ವಾಹಕ · ಸೋಮವಾರ ಬೆಳಿಗ್ಗೆ 8:20

ಮೇಲೆ ಒಬ್ಬರು ಗೋದಾಮಿನಲ್ಲಿ ಬಳಸುವ ಮಾತ್ರೆಯನ್ನು ಬಟ್ಟೆಯಲ್ಲಿ ಕಟ್ಟಿ ಅಕ್ಕಿ ಡಬ್ಬದಲ್ಲಿಡಲು ಹೇಳಿದ್ದರು. ತೆಗೆದಿದ್ದೇನೆ. ದಯವಿಟ್ಟು ಯಾರೂ ಮಾಡಬೇಡಿ.


ಮೂರನೇ ತಲೆಮಾರಿನ ಅಂಗಡಿ · ಸೋಮವಾರ ಮಧ್ಯಾಹ್ನ 2:10

ನಿರ್ವಾಹಕರು ತೆಗೆದದ್ದು ಒಳ್ಳೇದಾಯ್ತು. ಯಾಕೆ ಅಂತಲೂ ಹೇಳಬೇಕು, ಇಲ್ಲದಿದ್ದರೆ ಜನ ಇನ್ನೆಲ್ಲೋ ಕೇಳ್ತಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯಲ್ಲಿರೋ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತೆ. ಹುಳ ಕೊಲ್ಲೋದೂ ಅದೇ, ಮನೇಲಿ ಮಲಗಿದೋರನ್ನ ಕೊಲ್ಲೋದೂ ಅದೇ. ತರಬೇತಿ ಆದೋರು, ಜನ ವಾಸ ಇಲ್ಲದ ಕಡೆ ಚೀಲಕ್ಕೆ ತಾಡಪಾಲು ಮುಚ್ಚಿ ಮಾಡೋ ಕೆಲಸ ಅದು. ಪಾದರಸದ ಮಾತ್ರೆಯೂ ಬೇಡ.

ಈಗ ನಿಮ್ಮ ಗೂಡು. ನಾನು ಅಂಗಡಿಯವನು, ಜಾಸ್ತಿ ತಗೊಳ್ಳಿ ಅನ್ನಬೇಕು, ಆದರೂ ಹೇಳ್ತೀನಿ ಅಕ್ಕ. ನಿಮ್ಮ ಮನೆಗೆ ತಿಂಗಳಿಗೆ ಏನೆಷ್ಟು ಖರ್ಚಾಗುತ್ತೆ ಅಂತ ಒಂದು ಚೀಟೀಲಿ ಬರೀರಿ. ಅಂದಾಜಲ್ಲ. ಹೊಸ ಪೊಟ್ಟಣ ಬಿಚ್ಚಿದ ದಿನ ಅದರ ಮೇಲೆ ತಾರೀಖು ಹಾಕಿ, ಮುಗಿದ ದಿನ ನೋಡಿ. ಎರಡು ತಿಂಗಳಲ್ಲಿ ಗೊತ್ತಾಗುತ್ತೆ. ನಮ್ಮ ಗಿರಾಕಿಗಳಲ್ಲಿ ತುಂಬಾ ಜನ ಉದ್ದಿನಬೇಳೆ ತಿಂಗಳಿಗೆ ಎರಡು ಕಿಲೊ ಅಂತ ಬರೆಸ್ತಾರೆ, ದೋಸೆಗೆ ರುಬ್ಬೋದು ವಾರಕ್ಕೆ ಒಂದು ಪಾವು. ಉಳಿದದ್ದು ಎಲ್ಲಿಗೆ ಹೋಗುತ್ತೆ? ನಿಮ್ಮ ಗೂಡಿನ ಹಿಂದುಗಡೆಗೆ.

ಯಾವುದನ್ನ ಜಾಸ್ತಿ ತರಬೇಕು, ಯಾವುದನ್ನ ತರಬಾರದು ಅನ್ನೋದಕ್ಕೆ ಸುಗ್ಗಿ ನೋಡಿ. ಕಲಬುರಗಿ ತೊಗರಿ ಡಿಸೆಂಬರ್, ಜನವರಿಗೆ ಕಟಾವು. 2019ರಲ್ಲಿ ಅದಕ್ಕೆ ಜಿಐ ಗುರುತು, ಅಂದರೆ ಇದು ಇಂಥ ಊರಿನದ್ದೇ ಅನ್ನೋ ಸರ್ಕಾರಿ ಮಾನ್ಯತೆ, ಸಿಕ್ಕಿದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಸಿಕ್ಕಿತ್ತು, ಅದೂ ಜನವರಿಯಿಂದ ಮಾರ್ಚ್‌ವರೆಗೆ ಮಾರುಕಟ್ಟೆಗೆ ಚೆನ್ನಾಗಿ ಬರುತ್ತೆ. ಹುಣಸೆಹಣ್ಣು ಅದರ ಹಿಂದೇನೇ. ಈ ಮೂರನ್ನ ಬೇಸಿಗೇಲಿ ವರ್ಷಕ್ಕೆ ಆಗೋಷ್ಟು ತಗೊಂಡರೆ ದುಡ್ಡೂ ಉಳಿಯುತ್ತೆ, ಬಿಸಿಲೂ ಸಿಗುತ್ತೆ. ಮೆಣಸಿನಕಾಯಿ ತೊಟ್ಟು ಸಮೇತ ಇಡಿ, ಪುಡಿ ಮಾಡೋ ದಿನ ಮುರೀರಿ. ಹುಣಸೆಹಣ್ಣಿನ ಬೀಜ ನಾರು ತೆಗೆದು, ಉಪ್ಪು ಬೆರೆಸಿ ಉಂಡೆ ಕಟ್ಟಿ ಜಾಡೀಲಿ. ಸ್ಟೀಲ್ ಡಬ್ಬಕ್ಕೆ ಹುಣಸೆ, ಉಪ್ಪು ಎರಡೂ ಬೇಡ. ವರ್ಷದ ಸಾಮಾನು ಬೆಚ್ಚಗೆ ಅಟ್ಟದಲ್ಲಿರಲಿ, ಗೂಡಿನಲ್ಲಿ ತಿಂಗಳದ್ದು ಮಾತ್ರ. ರವೆ, ಹಿಟ್ಟು, ಗೋಡಂಬಿ, ಎಳ್ಳು, ಗುರೆಳ್ಳು ಯಾವತ್ತೂ ಜಾಸ್ತಿ ತರಬಾರದ ಜಾತಿ. ಎಣ್ಣೆ ಅಂಶ ಇರೋದೆಲ್ಲ ಬೇಗ ಕಮಟು ವಾಸನೆ ಬರುತ್ತೆ.

ಪೊಟ್ಟಣದ ಮೇಲಿನ 'ಬೆಸ್ಟ್ ಬಿಫೋರ್' ತಾರೀಖು ನೋಡಿ ಎಲ್ಲ ಎಸೀಬೇಡಿ. ಅದು ರುಚಿ, ಗುಣದ ಗಡುವು. 'ಎಕ್ಸ್‌ಪೈರಿ', 'ಯೂಸ್ ಬೈ' ಅಂತಿದ್ದರೆ ಅದು ದಾಟಿದ ಮೇಲೆ ತಿನ್ನಬಾರದು. ಎರಡೂ ಬೇರೆ ಬೇರೆ.


ಎರಡನೇ ಮಹಡಿ · ಸೋಮವಾರ ಸಂಜೆ 7:30

ಅಣ್ಣ, ನೀವು ಅಂಗಡಿಯವರು ಅಂದ್ರಲ್ಲ, ಒಂದು ಕೇಳ್ತೀನಿ. ಅತ್ತೆ ಊರಿನ ರೇಷನ್ ಅಕ್ಕಿ ಒಂದು ಚೀಲ ತಂದಿದ್ದಾರೆ. ಅದರಲ್ಲಿ ಪ್ಲಾಸ್ಟಿಕ್ ಅಕ್ಕಿ ಬೆರೆಸಿದ್ದಾರೆ ಅಂತ ದಿನಾ ಅರ್ಧ ಗಂಟೆ ಕೂತು ಆರಿಸ್ತಾರೆ. ನಿಜವಾಗ್ಲೂ ಆ ಕಾಳು ಬೇರೆ ಥರಾನೇ ಇದೆ, ಸ್ವಲ್ಪ ಹಳದಿ, ನೀರಲ್ಲಿ ತೇಲುತ್ತೆ.


ಮೂರನೇ ತಲೆಮಾರಿನ ಅಂಗಡಿ · ಸೋಮವಾರ ಸಂಜೆ 7:55

ಪ್ಲಾಸ್ಟಿಕ್ ಅಲ್ಲ ಅಕ್ಕ, ಅದು ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿ ಮಷೀನಿನಲ್ಲಿ ಅಕ್ಕಿ ಆಕಾರಕ್ಕೆ ಒತ್ತಿ ತೆಗೀತಾರೆ. ನೂರು ಕಾಳಿಗೆ ಒಂದರ ಹಾಗೆ ಬೆರೆಸಿರ್ತಾರೆ. ಅತ್ತೆಯವರು ಅರ್ಧ ಗಂಟೆ ಕೂತು ಎಸೀತಿರೋದು ಅಕ್ಕೀಲಿರೋ ಔಷಧಾನ. ಎಷ್ಟು ಮನೇಲಿ ಹೀಗೆ ಆಗ್ತಿದೆಯೋ.


ಪುನರ್ಪುಳಿ · ಸೋಮವಾರ ರಾತ್ರಿ 9:12

ಎಲ್ಲರೂ ಹುಳದ ಹಿಂದೆ ಬಿದ್ದಿದ್ದೀರಿ. ನನಗೆ ಆ ಬಲಮೂಲೆಯದ್ದೇ ಚಿಂತೆ ಮಾರಾಯ್ರೆ. ಐದು ಕಲ್ಲಿನಲ್ಲಿ ಒಂದೇ ಮೂಲೆಯಲ್ಲಿ ಬೂಷ್ಟು ಬಂತೆಂದರೆ ಅದು ಶೇಂಗಾದ ತಪ್ಪಲ್ಲ, ಗೋಡೆಯದ್ದು. ಆ ಗೋಡೆಯ ಆಚೆ ಏನುಂಟು?

ಒಂದು ಪರೀಕ್ಷೆ ಹೇಳುತ್ತೇನೆ. ಒಂದಡಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಆ ಜಾಗದ ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ನೀರಿನ ಹನಿ ನಿಂತಿದ್ದರೆ ತೇವ ಗೋಡೆಯಿಂದ ಬರುವುದು. ಹೊರಮೈಯಲ್ಲಿ ನಿಂತಿದ್ದರೆ ಅಡುಗೆಮನೆಯ ಹಬೆ.

ನಾವು ಉಡುಪಿ ಕಡೆಯವರು, ನಾಲ್ಕು ತಿಂಗಳು ನೀರಿನೊಳಗೇ ಬದುಕುವವರು. ಆಟಿ ತಿಂಗಳಲ್ಲಿ ಮುಚ್ಚಿದ ಡಬ್ಬದ ಉಪ್ಪೂ ನೀರೊಡೆಯುತ್ತದೆ. ಅಜ್ಜಿಯ ಮನೆಯಲ್ಲಿ ಅಕ್ಕಿಗೆ ಮುಡಿ ಕಟ್ಟುತ್ತಿದ್ದರು. ಬೈಹುಲ್ಲಿನ ಒಳಗೆ ಅಕ್ಕಿ, ಹೊರಗೆ ಹುಲ್ಲಿನ ಹಗ್ಗ, ಗುಂಡಗೆ ಕಲ್ಲಿನಂತೆ ಬಿಗಿ. ಒಂದು ಮುಡಿಗೆ 42 ಸೇರು. ಅದನ್ನು ಎಂದೂ ನೆಲಕ್ಕಾಗಲಿ ಗೋಡೆಗಾಗಲಿ ತಾಗಿಸಿ ಇಟ್ಟದ್ದು ನಾನು ನೋಡಿಲ್ಲ. ಅಡಿಯಲ್ಲಿ ಮರದ ಅಡ್ಡೆ, ಹಿಂದೆ ಕೈ ಹೋಗುವಷ್ಟು ಜಾಗ. ನೀವೂ ಕೆಳಗಿನ ಕಲ್ಲಿನಲ್ಲಿ ಒಂದು ಮಣೆ ಹಾಕಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಡಿ. ಒಂದೂವರೆ ಅಡಿ ಆಳ ನಿಮಗೆ ಹೇಗೂ ಜಾಸ್ತಿಯೇ. ಹಿಂದಿನ ಸಾಲಿಗೆ ಕೈ ಹೋಗುವುದೂ ಇಲ್ಲ, ಕಣ್ಣು ಹೋಗುವುದೂ ಇಲ್ಲ.


ಎರಡನೇ ಮಹಡಿ · ಬುಧವಾರ ರಾತ್ರಿ 9:05

ಪುನರ್ಪುಳಿಯವರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಗೋಡೆ ಕಡೇನೇ ಹನಿ. ಆಚೆ ಬಚ್ಚಲುಮನೆ, ನಲ್ಲಿ ಪೈಪು ಅದೇ ಗೋಡೇಲಿ ಇಳಿಯುತ್ತೆ. ಎರಡು ವರ್ಷದಿಂದ ನಾನು ಪೊಟ್ಟಣ ಸರಿಯಾಗಿ ಕಟ್ಟಲ್ಲ ಅಂತ ಬೈಸಿಕೊಂಡಿದ್ದೇ ಬಂತು! ಓನರಿಗೆ ಫೋನ್ ಮಾಡಿದ್ದೇವೆ. "ನೋಡೋಣ" ಅಂದಿದ್ದಾರೆ. ಆ "ನೋಡೋಣ" ಎಷ್ಟು ದಿನದ್ದು ಅಂತ ಬಾಡಿಗೆ ಮನೆಯವರಿಗೆಲ್ಲ ಗೊತ್ತು. ಸದ್ಯಕ್ಕೆ ಆ ಮೂಲೇಲಿ ಖಾಲಿ ಕುಕ್ಕರ್, ಇಡ್ಲಿ ಪಾತ್ರೆ.


ಎಡಿಸನ್ ಕನ್ನಡತಿ · ಗುರುವಾರ ಬೆಳಿಗ್ಗೆ 7:48

ನ್ಯೂಜೆರ್ಸಿಯಿಂದ ಬರೀತಿದ್ದೀನಿ. ನನ್ನ ಪೆಚ್ಚುತನದ ಕಥೆ ಕೇಳಿ, ನಕ್ಕು ಬಿಡಿ.

2023ರ ಜುಲೈ 20ಕ್ಕೆ ಭಾರತ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತಲ್ಲ, ಇಲ್ಲಿ ದೊಡ್ಡ ಗಲಾಟೆ. ಇಂಡಿಯನ್ ಅಂಗಡಿ ಮುಂದೆ ಸಾಲು. ಸೋನಾಮಸೂರಿ ಇಲ್ಲದೆ ನಾವು ಬದುಕೋದುಂಟಾ ಅಂತ ನಾನೂ ನಮ್ಮೆಜಮಾನ್ರೂ ಎರಡು ಕಾರಲ್ಲಿ ಹೋಗಿ 20 ಪೌಂಡಿನ ಆರು ಚೀಲ ತಂದ್ವಿ. ಅಂದರೆ 54 ಕಿಲೊ ಚಿಲ್ಲರೆ. ಮನೇಲಿ ಇರೋದು ಮೂರು ಜನ, ಅದರಲ್ಲಿ ಒಬ್ಬಳು ಎಂಟು ವರ್ಷದವಳು, ಪಾಸ್ತಾ ಬಿಟ್ಟು ಇನ್ನೇನೂ ತಿನ್ನಲ್ಲ.

ನಾಲ್ಕನೇ ಚೀಲ ಬಿಚ್ಚೋ ಹೊತ್ತಿಗೆ ಪ್ಯಾಂಟ್ರಿಯ ಸೀಲಿಂಗ್ ಮೇಲೆ ಸಣ್ಣ ಸಣ್ಣ ಹುಳ ತೆವಳ್ತಾ ಇದ್ದವು. ಆಮೇಲೆ ಪತಂಗ. ಪ್ಲಾಸ್ಟಿಕ್ ಚೀಲ ಬಿಗಿಯಾಗಿದ್ದರೂ ತೂತು ಮಾಡಿಕೊಂಡು ಹೋಗ್ತವೆ ಅವು. ಅಂಟಿನ ಟ್ರ್ಯಾಪ್ ತಂದು ತೂಗುಹಾಕಿದೆ. ಅದಕ್ಕೆ ಗಂಡು ಪತಂಗ ಮಾತ್ರ ಬೀಳುತ್ತೆ ಅನ್ನೋದು ಆಮೇಲೆ ಓದಿದೆ. ಅಕ್ಕಿ, ಬಾದಾಮಿ, ಬೆಕ್ಕಿನ ಆಹಾರ ಎಲ್ಲ ಎಸೆದು, ಶೆಲ್ಫಿನ ಸ್ಕ್ರೂ ತೂತುಗಳನ್ನೂ ವ್ಯಾಕ್ಯೂಮ್ ಮಾಡಿದ ಮೇಲೇ ಹೋಗಿದ್ದು. ಅಂಗಡೀಲಿ ಅಕ್ಕಿ ಯಾವತ್ತೂ ಪೂರ್ತಿ ಮುಗಿದೇ ಹೋಗಲಿಲ್ಲ. ಹೊಟ್ಟೆಗಿಂತ ಹೆದರಿಕೆಗೆ ತಂದದ್ದು ಅದು. ಈಗ ಎರಡು ಚೀಲಕ್ಕಿಂತ ಜಾಸ್ತಿ ತರಲ್ಲ, ಮನೆಗೆ ಬಂದ ಕಾಳು ಮೊದಲು ಫ್ರೀಜರಿನ ಮುಖ ನೋಡಿಕೊಂಡೇ ಪ್ಯಾಂಟ್ರಿಗೆ.


ಬ್ಯಾಚುಲರ್ ಬಾಣಲೆ · ಗುರುವಾರ ಬೆಳಿಗ್ಗೆ 8:01

54 ಕಿಲೊ! ಬೆಕ್ಕಿಗೂ ಬಿಸಿಬೇಳೆಬಾತ್ ಕೊಡಬಹುದಿತ್ತು.


ಸಾಗರದ ಸೊಸೆ · ಗುರುವಾರ ಮಧ್ಯಾಹ್ನ 3:20

ಅತ್ತೆಯ ಮನಸ್ಸು ನೋಯಬಾರದು ಎಂದಿದ್ದಿರಿ. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಹದಿನೆಂಟು ವರ್ಷ ಒಂದೇ ಅಡುಗೆಮನೆಯಲ್ಲಿ ಅತ್ತೆಯ ಜೊತೆ ಕಳೆದವಳು, ಹೇಳುತ್ತೇನೆ.

ಮೊದಲ ವರ್ಷ ನಾನು ಮಾಡಿದ ತಪ್ಪು, ಅವರು ಊರಲ್ಲಿ ಇಲ್ಲದಾಗ ಎಲ್ಲ ಡಬ್ಬ ಬದಲಿಸಿ, ಅಂದವಾಗಿ ಚೀಟಿ ಅಂಟಿಸಿದ್ದು. ಬಂದವರು ಏನೂ ಅನ್ನಲಿಲ್ಲ. ಒಂದು ವಾರ ಅಡುಗೆಮನೆಗೇ ಬರಲಿಲ್ಲ. ನಂತರ ತಿಳಿಯಿತು, ಅವರಿಗೆ ಚೀಟಿ ಓದಲು ಕನ್ನಡಕ ಬೇಕು, ಒಲೆಯ ಮುಂದೆ ಅವರು ಕನ್ನಡಕ ಹಾಕುವುದಿಲ್ಲ. ಅವರ ಲೆಕ್ಕವೇ ಬೇರೆ. ಬೂಸ್ಟ್ ಎಂದು ಬರೆದ ಬಾಟಲಿಯಲ್ಲಿ ಸಾಸಿವೆ, ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಂತ್ಯ, ನೆಗ್ಗಿದ ಸ್ಟೀಲ್ ಡಬ್ಬದಲ್ಲಿ ಉದ್ದು. ಬೇಳೆ ಡಬ್ಬಗಳನ್ನು ಅಲ್ಲಾಡಿಸಿ ಸದ್ದಿನಲ್ಲೇ ಯಾವುದು, ಎಷ್ಟಿದೆ ಎರಡೂ ಹೇಳುತ್ತಿದ್ದರು. ನನ್ನ ಒಂದೇ ಥರದ ಡಬ್ಬಗಳಲ್ಲಿ ಅವರಿಗೆ ತಾವು ಕುರುಡಿಯಾದ ಹಾಗೆ ಅನ್ನಿಸಿತ್ತಂತೆ. ಎಷ್ಟೋ ವರ್ಷದ ಮೇಲೆ ನಗುತ್ತಾ ಹೇಳಿದರು.

ಆದ್ದರಿಂದ ದಿನಬಳಕೆಯ ಹಳೇ ಡಬ್ಬ ಬದಲಿಸಬೇಡಿ. ಜಾಗ ಬದಲಿಸುವುದಿದ್ದರೆ ಅವರನ್ನೇ ಕೂರಿಸಿಕೊಂಡು, "ಅತ್ತೆ, ನಿಮಗೆ ಬಗ್ಗದೆ ಕೈಗೆ ಸಿಗಬೇಕಾದ್ದು ಯಾವುದು" ಎಂದು ಕೇಳಿ. ಸೊಂಟದಿಂದ ಕಣ್ಣಿನವರೆಗಿನ ಎತ್ತರ ಅವರಿಗೆ ಬಿಡಿ. ಊರಿಂದ ಬಂದದ್ದಕ್ಕೆ ಒಂದು ಕಲ್ಲನ್ನು ಅವರದ್ದೇ ಎಂದು ಕೊಟ್ಟುಬಿಡಿ. ಅದರಲ್ಲಿ ಹಿಡಿಯುವಷ್ಟು ಅವರ ರಾಜ್ಯ. ಆಗ ಊರಿಂದ ಹೊಸದು ತರಿಸಬೇಕಾದರೆ ಹಳೆಯದನ್ನು ಅವರೇ ಖರ್ಚು ಮಾಡುತ್ತಾರೆ, ನೀವು ಬಾಯಿ ಬಿಡಬೇಕಿಲ್ಲ.

ನಾಲ್ಕು ಸಾಸಿವೆ ಪೊಟ್ಟಣಕ್ಕೆ ಮದ್ದು: ಒಂದು ಹಳೆ ಬಿಸ್ಕತ್ತಿನ ಟಿನ್ನು ಇಡಿ. ಒಗ್ಗರಣೆ ಡಬ್ಬಿಗೆ ತುಂಬಿ ಉಳಿದ ಪೊಟ್ಟಣಗಳೆಲ್ಲ ರಬ್ಬರ್ ಬ್ಯಾಂಡ್ ಹಾಕಿಕೊಂಡು ಅದರೊಳಗೇ ಹೋಗಬೇಕು, ಬೇರೆಲ್ಲೂ ಇಲ್ಲ. ಅಂಗಡಿ ಚೀಟಿ ಬರೆಯುವ ಮುಂಚೆ ಆ ಟಿನ್ನಿನ ಮುಚ್ಚಳ ತೆಗೆಯಬೇಕು. ನಮ್ಮ ಮನೆಯಲ್ಲಿ ಅದಕ್ಕೆ 'ಅನಾಥಾಲಯ' ಎಂದು ಹೆಸರು.


ನಿವೃತ್ತ ಮೇಷ್ಟ್ರು · ಗುರುವಾರ ಸಂಜೆ 5:40

ಸಾಗರದ ತಾಯಿಯವರ ಮಾತಿನ ಮುಂದೆ ನನ್ನ ಪಾಠ ಸಪ್ಪೆ. ಒಂದೇ ಒಂದು ಸೇರಿಸುತ್ತೇನೆ. ನಮ್ಮ ತಾಯಿ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದರು. ತಿಂಗಳ ಕೊನೆಗೆ ನೆಂಟರು ಬಂದರೆ ಅದು. 'ಖಾಲಿ' ಎನ್ನುವ ಮಾತು ಅಡುಗೆಮನೆಯಲ್ಲಿ ಆಡಗೊಡುತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಬಾಗಿಲಿಗೆ ಸಾಮಾನು ಬರುವ ಕಾಲದಲ್ಲಿ ಇದು ಬೇಕೇ ಎಂದು ಮಗ ಕೇಳುತ್ತಾನೆ. ಆ ಹತ್ತು ನಿಮಿಷದ ಸಾಮಾನಿನಿಂದಲೇ ಅವನ ಮನೆಯಲ್ಲಿ ಈಗ ಐದು ಪೊಟ್ಟಣ ಸಕ್ಕರೆ ಇದೆ.


ಎರಡನೇ ಮಹಡಿ · ಮೂರು ವಾರದ ನಂತರ, ಭಾನುವಾರ ರಾತ್ರಿ 8:50

ವರದಿ ಒಪ್ಪಿಸ್ತಿದ್ದೀನಿ. 24 ಡಬ್ಬ ತಗೊಳ್ಳಲಿಲ್ಲ. ಖರ್ಚಾಗಿದ್ದು 740 ರೂಪಾಯಿ: ಎರಡು ಹತ್ತು ಲೀಟರಿನ ಬಿಗಿ ಮುಚ್ಚಳದ ಡಬ್ಬ, ಕಲ್ಲಿನ ಆಳಕ್ಕೆ ಸರಿಯಾಗಿ ಹೊಂದೋ ಮೂರು ಪ್ಲಾಸ್ಟಿಕ್ ಬುಟ್ಟಿ. ಬುಟ್ಟಿ ಎಳೆದರೆ ಹಿಂದಿನದೂ ಮುಂದೆ ಬರುತ್ತೆ, ಡ್ರಾಯರ್ ಥರ. ಹಿಂದೆ ಕಳೆದುಹೋಗೋ ಕಾಟ ನಿಂತಿದೆ.

ಕೆಳಗಿನ ಕಲ್ಲಿನಲ್ಲಿ ಮಣೆ, ಅದರ ಮೇಲೆ ಅಕ್ಕಿ, ರಾಗಿ, ಜೋಳ. ಎಲ್ಲ ಕಾಳೇ. ಹಿಟ್ಟು ಎರಡೆರಡು ಕಿಲೊ ಅದರ ಮೇಲಿನ ಕಲ್ಲಿನಲ್ಲಿ. ಹದಿನೈದು ದಿನಕ್ಕೊಮ್ಮೆ ನಮ್ಮನೆಯವರು ಗಿರಣಿಗೆ ಹೋಗೋದು ಅಂತ ಒಪ್ಪಂದ, ಇದುವರೆಗೆ ಒಂದು ಸಲ ಹೋಗಿದ್ದಾರೆ. ಮಧ್ಯದ ಕಲ್ಲು ಅತ್ತೆಯವರದು. ಹೇಳಿದ ತಕ್ಷಣ ಅವರು ಮಾಡಿದ ಮೊದಲ ಕೆಲಸ, ನನ್ನ ಓಟ್ಸನ್ನ ಅಲ್ಲಿಂದ ಎತ್ತಿ ಮೇಲಿಟ್ಟಿದ್ದು! ಹೆಸರುಕಾಳು ನೀರಿಗೆ ಹಾಕಿದೆವು, ಮುಕ್ಕಾಲು ಪಾಲು ತೇಲಿತು, ಗಿಡಗಳ ಬುಡಕ್ಕೆ ಹೋಯಿತು. ಶೇಂಗಾ ವಿಷಯ ಮೊಮ್ಮಕ್ಕಳ ಹೆಸರು ಹೇಳಿದ್ದಕ್ಕೆ ಅರ್ಧ ನಿಮಿಷದಲ್ಲಿ ಮುಗೀತು. "ಪ್ಲಾಸ್ಟಿಕ್" ಅಕ್ಕಿ ಮಾತ್ರ ಇನ್ನೂ ನಂಬಿಲ್ಲ. ಆರಿಸೋದು ಬಿಟ್ಟಿದ್ದಾರೆ, ಆದರೆ ತಿನ್ನುವಾಗ ನನ್ನ ಮುಖ ನೋಡ್ತಾರೆ. ಗೋಡೆಯ ಪೈಪು "ನೋಡೋಣ"ದಲ್ಲೇ ಇದೆ.

ಅನಾಥಾಲಯ ತೆರೆದಿದ್ದೇವೆ. ಮೊದಲ ದಿನವೇ ಹನ್ನೊಂದು ಮಕ್ಕಳು.

ಚಿರೋಟಿ ರವೆ ಸಿಕ್ಕಿತು. ಅಟ್ಟದ ಮೇಲೆ, ಯುಗಾದಿ ಹೋಳಿಗೆಗೆ ಇಳಿಸೋ ದೊಡ್ಡ ಪಾತ್ರೆಯೊಳಗೆ, ಇನ್ನೊಂದು ಡಬ್ಬದಲ್ಲಿ. ನಾನೇ ಇಟ್ಟಿದ್ದೆ, ಹುಳ ಬರಬಾರದು ಅಂತ. ಹುಳಕ್ಕೂ ಸಿಕ್ಕಿಲ್ಲ, ನನಗೂ ಸಿಕ್ಕಿರಲಿಲ್ಲ.

ಮುಂದಿನ ವಾರ ನಾದಿನಿ ಊರಿಂದ ಬರ್ತಿದ್ದಾರೆ. ಏನು ತರಲಿ ಅಂತ ಅತ್ತೆಗೆ ಫೋನ್ ಮಾಡಿದ್ದರು. ನಾನು ಪಾತ್ರೆ ತೊಳೀತಾ ಕೇಳಿಸಿಕೊಂಡೆ. "ಏನೂ ಬ್ಯಾಡವಾ, ನನ್ನ ಕಲ್ಲು ತುಂಬೇತಿ" ಅಂದರು. ಆಮೇಲೆ ದನಿ ತಗ್ಗಿಸಿ, "ಒಂದ್ ಎರಡು ಕಿಲೋ ಶೇಂಗಾ ತಾ."


ಧಾರವಾಡ ಮಳಿ · ಭಾನುವಾರ ರಾತ್ರಿ 9:03

ಒಂದ್ ಎರಡು ಕಿಲೋ ಅಂದ್ರ ಐದು ಬರತಾವ. ಜಾಗಾ ಮಾಡಿಡ್ರಿ.